ಊರಿನ ದಾರಿ ಥಾಣೆಯಲ್ಲಿ ಹುಟ್ಟುತ್ತದೆ

ಧಾರವಾಡದ ಬೈಪಾಸಿನಲ್ಲಿ, ಹಾವೇರಿಯ ಅಂಚಿನಲ್ಲಿ, ಚಿತ್ರದುರ್ಗದ ಗುಡ್ಡಗಳ ಸೆರಗಿನಲ್ಲಿ ನಾವೆಲ್ಲ ‘ಪುಣೆ–ಬೆಂಗಳೂರು ರಸ್ತೆ’ ಎಂದು ಕರೆಯುವ ಹೆದ್ದಾರಿಯ ಹಳೆಯ ಸಂಖ್ಯೆ ಎನ್‌ಎಚ್ 4. ಲಾರಿ ಚಾಲಕರ ಬಾಯಲ್ಲಿ ಇವತ್ತಿಗೂ ಅದು ‘ಎನ್‌ಎಚ್ ಫೋರ್’. ಈ ರಸ್ತೆ ಎಲ್ಲಿ ಶುರುವಾಗುತ್ತಿತ್ತು ಎಂದು ಕೇಳಿ ನೋಡಿ. ಕೆಲವರು ಪುಣೆ ಅನ್ನುತ್ತಾರೆ, ಕೆಲವರು ಮುಂಬಯಿ. 1956ರ ರಾಷ್ಟ್ರೀಯ ಹೆದ್ದಾರಿ ಕಾಯ್ದೆಯ ಪಟ್ಟಿ ತೆಗೆದರೆ ಉತ್ತರ ಬೇರೆಯೇ ಇದೆ. ಮುಂಬಯಿಯಿಂದ ನಾಸಿಕ್, ಇಂದೋರ್, ಗ್ವಾಲಿಯರ್ ಮೇಲೆ ಆಗ್ರಾಕ್ಕೆ ಹೋಗುವ ಎನ್‌ಎಚ್ 3 ಅನ್ನು ಥಾಣೆಯ ಹತ್ತಿರ ಎಲ್ಲಿ ಕೂಡುತ್ತದೋ ಅಲ್ಲಿಂದ ಎನ್‌ಎಚ್ 4ರ ಲೆಕ್ಕ. ಅಲ್ಲಿ ಹೊರಟು ಪುಣೆ, ಬೆಳಗಾವಿ, ಹುಬ್ಬಳ್ಳಿ, ಬೆಂಗಳೂರು ದಾಟಿ ರಾಣಿಪೇಟೆಯ ಮೇಲೆ ಮದ್ರಾಸಿಗೆ ಅದರ ಓಟ.

ಹಾಗಾಗಿ ಡೊಂಬಿವಲಿ, ಕಲ್ಯಾಣ್, ಮುಂಬ್ರಾ, ಕಳವಾಗಳಲ್ಲಿ ಬದುಕು ಕಟ್ಟಿಕೊಂಡ ಕನ್ನಡದವರು ನಮ್ಮೂರ ರಸ್ತೆಯ ಮೊದಲ ಮೈಲಿಯಲ್ಲೇ ಮನೆ ಮಾಡಿದ್ದೇವೆ. ನನ್ನ ತವರು ಧಾರವಾಡದ ಹತ್ತಿರದ ಒಂದು ಹಳ್ಳಿ. ಮದುವೆಯಾಗಿ ಬಂದದ್ದು ಡೊಂಬಿವಲಿಗೆ. ಯಜಮಾನರು ನವಿ ಮುಂಬಯಿಯ ತುರ್ಭೆಯ ಮಸಾಲೆ ಮಾರುಕಟ್ಟೆಯಲ್ಲಿ ಬ್ಯಾಡಗಿ ಮೆಣಸಿನಕಾಯಿಯ ಲೆಕ್ಕ ಬರೆಯುತ್ತಿದ್ದರು. ನಾನು ಶಾಲೆಯಲ್ಲಿ ಭೂಗೋಳ ಕಲಿಸುತ್ತಿದ್ದೆ. ನಿವೃತ್ತಿಯಾದ ಮೇಲೆ ಇಬ್ಬರೂ ಕಾರು ತೆಗೆದುಕೊಂಡು ಈ ನಾಲ್ಕು ಊರುಗಳ ಸುತ್ತಲ ಹಳೆಯ ದಾರಿಗಳನ್ನು ಸಾವಕಾಶವಾಗಿ ನೋಡುತ್ತಾ ಬಂದಿದ್ದೇವೆ. ಹೀಗೆ ನೋಡಿದ್ದರಿಂದ ಒಂದು ಮಾತು ನನಗೆ ಗಟ್ಟಿಯಾಯಿತು: ಥಾಣೆ, ಕಲ್ಯಾಣ್‌ಗಳು ಮುಂಬಯಿಯ ಬೆನ್ನಿಗೆ ಅಂಟಿಕೊಂಡ ಉಪನಗರಗಳಷ್ಟೇ ಅಲ್ಲ. ಸಮುದ್ರಕ್ಕೂ ಘಟ್ಟದ ಮೇಲಿನ ನಾಡಿಗೂ ನಡುವೆ ಇರುವ ಬಾಗಿಲು ಇದು. ಇಲ್ಲಿ ಗಾಡಿಗಳು ನಿಲ್ಲುವುದಕ್ಕೆ ಎರಡು ಸಾವಿರ ವರ್ಷದ ಕಾರಣವಿದೆ.

ಶೀಳ್ ಫಾಟಾ: ಎಲ್ಲರೂ ನಿಲ್ಲುವ ಜಾಗ

ಡೊಂಬಿವಲಿಯಿಂದ ಹೊರಗೆ ಹೊರಟರೆ ಮೊದಲು ಸಿಗುವುದು ಕಲ್ಯಾಣ್–ಶೀಳ್ ರಸ್ತೆ. ಕಟಾಯಿ ನಾಕಾ ದಾಟಿ, ಪಲಾವಾದ ಬಹುಮಹಡಿ ಕಟ್ಟಡಗಳನ್ನು ದಾಟಿ, ದೇಸಾಯಿ ಗ್ರಾಮದ ಸೇತುವೆ ಹಾದು ಶೀಳ್ ಫಾಟಾಕ್ಕೆ ಬರಬೇಕು. ಬೆಳಿಗ್ಗೆ ಎಂಟು ಗಂಟೆಯ ಮೇಲೆ ಹೊರಟಿರೋ, ಗಾಡಿ ತೆವಳುತ್ತದೆ. ಒಂದು ಕಡೆ ಕಲ್ಯಾಣ್–ತಳೋಜಾ ಮೆಟ್ರೋದ ಕಂಬಗಳು, ಇನ್ನೊಂದು ಕಡೆ ಕಂಟೇನರ್ ಹೊತ್ತ ಟ್ರೇಲರ್‌ಗಳು, ನಡುವೆ ಶಾಲೆಯ ಬಸ್ಸು, ರಿಕ್ಷಾ, ಹಾಲಿನ ಟೆಂಪೋ. ಪಲಾವಾ ಚೌಕದ ಮೇಲ್ಸೇತುವೆ 2025ರಲ್ಲಿ ತೆರೆಯಿತು. ಪಾರ್ಸಿಕ್ ಗುಡ್ಡದಲ್ಲಿ ಸುರಂಗ ಕೊರೆದು ಐರೋಲಿಯನ್ನು ಕಟಾಯಿ ನಾಕಾಕ್ಕೆ ಸೇರಿಸುವ ದೊಡ್ಡ ಕೆಲಸವೂ ನಡೆದಿದೆ. ಆದರೂ ದಟ್ಟಣೆ ತಗ್ಗುವುದಿಲ್ಲ ಯಾಕೆ?

ಶಾಲೆಯಲ್ಲಾಗಿದ್ದರೆ ಕಪ್ಪು ಹಲಗೆಯ ಮೇಲೆ ಮೂರು ಗೆರೆ ಎಳೆದು ತೋರಿಸುತ್ತಿದ್ದೆ. ಮೊದಲನೆಯದು ಉಲ್ಹಾಸ್ ನದಿ. ಸಹ್ಯಾದ್ರಿಯಲ್ಲಿ ಹುಟ್ಟಿ ಕರ್ಜತ್, ಬದ್ಲಾಪುರ, ಕಲ್ಯಾಣ್, ಡೊಂಬಿವಲಿಗಳ ಮಗ್ಗುಲಲ್ಲಿ ಹರಿದು ಥಾಣೆಯ ಉತ್ತರಕ್ಕೆ ಬರುತ್ತದೆ. ಅಲ್ಲಿಂದ ಅದರ ಮುಖ್ಯ ಹರಿವು ಪಶ್ಚಿಮಕ್ಕೆ ತಿರುಗಿ ಘೋಡ್‌ಬಂದರ್ ಮೇಲೆ ವಸಯಿಯಲ್ಲಿ ಕಡಲು ಸೇರುತ್ತದೆ. ಎರಡನೆಯ ಗೆರೆ ಥಾಣೆ ಖಾಡಿ. ಉಪ್ಪು ನೀರಿನ ಈ ಸೀಳು ದಕ್ಷಿಣದ ಬಂದರಿನವರೆಗೆ ಹೋಗುತ್ತದೆ. ಈ ಎರಡು ನೀರು ಮತ್ತು ಅರಬ್ಬೀ ಸಮುದ್ರದ ನಡುವೆ ಇರುವುದು ಸಾಲ್ಸೆಟ್ ದ್ವೀಪ; ಥಾಣೆ ಪೇಟೆ, ಮುಲುಂಡ್, ಬೊರಿವಲಿ ಎಲ್ಲವೂ ಅದರ ಮೇಲಿವೆ. ಮೂರನೆಯ ಗೆರೆ ಪಾರ್ಸಿಕ್ ಗುಡ್ಡ. ಖಾಡಿಯ ಪೂರ್ವ ದಂಡೆಗೆ ಸಮಾನಾಂತರವಾಗಿ ಮುಂಬ್ರಾದಿಂದ ಬೇಲಾಪುರದ ಕಡೆಗೆ ಅದು ಚಾಚಿಕೊಂಡಿದೆ.

ಈಗ ದ್ವೀಪದಿಂದ ಹೊರಬೀಳುವವರ ಪಾಡು ನೋಡಿ. ಮೊದಲು ಖಾಡಿ ದಾಟಬೇಕು. ದಾಟಿದ ಕೂಡಲೇ ಎದುರಿಗೆ ಗುಡ್ಡ. ಗುಡ್ಡದ ಉತ್ತರದ ತುದಿಗೂ ನದಿಗೂ ನಡುವೆ ಮುಂಬ್ರಾದ ಹತ್ತಿರ ಒಂದು ಕಿರಿದಾದ ನೆಲ. ಆ ಕಿರಿದಾದ ನೆಲದಲ್ಲೇ ರೈಲು, ಹಳೆಯ ರಸ್ತೆ, ಲಕ್ಷಾಂತರ ಜನರ ಊರು ಎಲ್ಲವೂ ತುಂಬಿಕೊಂಡಿವೆ. ರೈಲಿನವರು ಗುಡ್ಡವನ್ನೇ ಕೊರೆದು 1916ರಲ್ಲಿ ಸುಮಾರು 1.3 ಕಿಲೋಮೀಟರ್ ಉದ್ದದ ಪಾರ್ಸಿಕ್ ಸುರಂಗ ಮಾಡಿಕೊಂಡರು. ರಸ್ತೆಯವರು ಗುಡ್ಡದ ಭುಜದ ಮೇಲೆ ಮುಂಬ್ರಾ ಬೈಪಾಸ್ ಕಟ್ಟಿದರು. ಬೈಪಾಸಿನಲ್ಲಿ ಹೋಗುವಾಗ ಮೇಲೆ ಮುಂಬ್ರಾದೇವಿಯ ಗುಡಿ, ಕೆಳಗೆ ಖಾಡಿ, ಅದರ ಅಂಚಿನ ಕಾಂಡ್ಲ ಕಾಡು. ಮಳೆಗಾಲದಲ್ಲಿ ಬಂಡೆಯ ಮೈಯಿಂದ ಜಲಧಾರೆಗಳು ರಸ್ತೆಯ ಪಕ್ಕಕ್ಕೇ ಇಳಿಯುತ್ತವೆ.

ಇದರ ಮೇಲೆ ಬಂದರಿನ ಭಾರ ಬಿತ್ತು. 1989ರಲ್ಲಿ ನ್ಹಾವಾ ಶೇವಾದಲ್ಲಿ ಜವಾಹರಲಾಲ್ ನೆಹರೂ ಬಂದರು ಶುರುವಾಯಿತು. ಹಡಗಿನಿಂದ ಇಳಿದ ಕಂಟೇನರ್‌ಗಳು ಭಿವಂಡಿಯ ಗೋದಾಮುಗಳಿಗೆ, ನಾಸಿಕ್‌ಗೆ, ಗುಜರಾತಿಗೆ ಹೋಗಬೇಕು. ಕಳಂಬೋಲಿ, ತಳೋಜಾ, ಶೀಳ್ ಫಾಟಾ, ಮುಂಬ್ರಾ ಬೈಪಾಸ್, ಖಾರೆಗಾಂವ್ ಅವುಗಳ ದಾರಿ. ಅಂದರೆ ಎನ್‌ಎಚ್ 4ರ ಹುಟ್ಟಿನ ತುಣುಕೇ ಇಂದು ದೇಶದ ಅತಿ ದೊಡ್ಡ ಕಂಟೇನರ್ ಬಂದರುಗಳಲ್ಲೊಂದರ ಭಾರ ಹೊರುತ್ತಿದೆ. 2018ರಲ್ಲಿ ಬೈಪಾಸನ್ನು ದುರಸ್ತಿಗೆಂದು ತಿಂಗಳುಗಟ್ಟಲೆ ಮುಚ್ಚಿದಾಗ ಐರೋಲಿ, ಥಾಣೆ, ನವಿ ಮುಂಬಯಿ ಎಲ್ಲ ಕಡೆ ಗಾಡಿಗಳು ಕಟ್ಟಿಕೊಂಡು ನಿಂತವು. ಒಂದು ಕಿರಿದಾದ ದಾರಿಯನ್ನು ಎಷ್ಟು ಊರುಗಳು ನಂಬಿಕೊಂಡಿವೆ ಎಂದು ಅವತ್ತು ಎಲ್ಲರಿಗೂ ತಿಳಿಯಿತು.

ಜಾಮಿನಲ್ಲಿ ಸಿಕ್ಕಿಕೊಂಡಾಗ ಸಿಡಿಮಿಡಿಗೊಳ್ಳುವ ಚಾಲಕರನ್ನು ನೋಡುತ್ತೇನೆ. ಅವರ ಸಂಕಟ ಸಣ್ಣದಲ್ಲ. ಥಾಣೆ ಪೇಟೆಯೊಳಗೆ ಭಾರಿ ವಾಹನಗಳಿಗೆ ಮಧ್ಯಾಹ್ನದ ಕೆಲವು ಗಂಟೆ ಮತ್ತು ರಾತ್ರಿ ಮಾತ್ರ ಪ್ರವೇಶ. ಉಳಿದ ಹೊತ್ತು ಅವರು ರಸ್ತೆಯಂಚಿನಲ್ಲೇ ಕಾಯಬೇಕು. ಒಮ್ಮೆ ಶೀಳ್ ಫಾಟಾದ ಹತ್ತಿರ ಹಾಗೆ ನಿಂತಿದ್ದ ಲಾರಿಯೊಂದರ ನಂಬರು ಕೆಎ 25 ಇತ್ತು, ನಮ್ಮ ಧಾರವಾಡದ್ದು. ಯಜಮಾನರು ಕಿಟಕಿ ಇಳಿಸಿ ‘ಯಾವೂರಪಾ?’ ಅಂದರು. ಲಾರಿಯ ಮೇಲಿಂದ ‘ಕುಂದಗೋಳರೀ’ ಅಂತ ಉತ್ತರ ಬಂತು. ‘ಮಧ್ಯಾಹ್ನದ ತನಕ ಬಿಡಂಗಿಲ್ಲಂತ್ರಿ, ಒಲಿ ಹಚ್ಚೇವಿ’ ಅಂತ ಲಾರಿಯ ಮಗ್ಗುಲಲ್ಲಿ ಉರಿಯುತ್ತಿದ್ದ ಸ್ಟೋವ್ ತೋರಿಸಿದರು. ಸ್ಟೋವಿನ ಮೇಲೆ ಜೋಳದ ರೊಟ್ಟಿ ಬೇಯುತ್ತಿತ್ತು.

ಆಗ್ರಾ ರಸ್ತೆಯ ಮೇಲೆ

ಖಾರೆಗಾಂವ್ ದಾಟಿ ಮಾಜಿವಾಡಾಕ್ಕೆ ಬಂದರೆ ನೀವು ಆಗ್ರಾ ರಸ್ತೆಯ ಮೇಲಿದ್ದೀರಿ. ಥಾಣೆಯ ಹಿರಿಯರು ಪೇಟೆಯ ಮಧ್ಯದ ದಾರಿಯನ್ನು ‘ಜುನಾ ಆಗ್ರಾ ರೋಡ್’ ಎಂದೇ ಕರೆಯುತ್ತಾರೆ. ಮಾಜಿವಾಡಾ ನಾಕಾದಲ್ಲಿ ನಾಲ್ಕು ದಿಕ್ಕಿನ ಓಟ ಕೂಡುತ್ತದೆ: ಮುಂಬಯಿಯಿಂದ ಬಂದದ್ದು, ನಾಸಿಕ್‌ಗೆ ಹೊರಟದ್ದು, ಘೋಡ್‌ಬಂದರ್ ರಸ್ತೆ ಹಿಡಿದು ಗುಜರಾತಿನ ಕಡೆ ಹೋಗುವುದು, ಬಂದರಿನಿಂದ ಏರಿ ಬಂದದ್ದು. ನಾಸಿಕ್ ಕಡೆಗೆ ವಡಪೆಯವರೆಗೆ ಈ ರಸ್ತೆಯನ್ನು ಅಗಲ ಮಾಡುವ ಕೆಲಸ ವರ್ಷಗಳಿಂದ ನಡೆದಿದೆ. ಭಿವಂಡಿಯ ಪಕ್ಕದ ಆಮಣೆಗೆ 2025ರ ಜೂನ್‌ನಲ್ಲಿ ನಾಗಪುರದಿಂದ 701 ಕಿಲೋಮೀಟರಿನ ಸಮೃದ್ಧಿ ಮಹಾಮಾರ್ಗವೂ ಬಂದು ಮುಟ್ಟಿದೆ. ವಿದರ್ಭದಿಂದ ಗಂಟೆಗಟ್ಟಲೆ ಓಡಿ ಬಂದವರೂ ಕೊನೆಗೆ ಇದೇ ಕಿರಿದಾದ ಜಾಗದಲ್ಲಿ ಸರತಿ ನಿಲ್ಲಬೇಕು.

ಥಾಣೆಯಲ್ಲಿ ನಾವು ತಪ್ಪದೆ ಇಳಿಯುವುದು ತಿಂಡಿಗೆ. ತಹಶೀಲ್ದಾರ್ ಕಚೇರಿಯ ಪಕ್ಕದಲ್ಲಿ ಹುಟ್ಟಿ ಆ ಕಚೇರಿಯ ಹೆಸರನ್ನೇ ಪಡೆದ ‘ಮಾಮಲೇದಾರ್ ಮಿಸಳ್’ ಖಾರಕ್ಕೆ ಪ್ರಸಿದ್ಧ. ಕೆಂಪು ರಸದಲ್ಲಿ ಮುಳುಗಿದ ಕಾಳು, ಮೇಲೆ ಫರಸಾಣ, ಈರುಳ್ಳಿ, ಪಕ್ಕದಲ್ಲಿ ಪಾವ್. ಸವದತ್ತಿ ಕಡೆಯ ನನ್ನ ಅಕ್ಕ ಬಂದಾಗ ಮೊದಲ ತುತ್ತಿಗೇ ‘ಇದು ನಮ್ಮ ನಾಲಿಗಿಗೆ ಒಪ್ಪತದ’ ಅಂದಳು. ಸಿಹಿ, ಕಾಫಿ ಬೇಕೆನ್ನುವವರಿಗೆ ರಸ್ತೆಯುದ್ದಕ್ಕೂ ಉಡುಪಿಯವರ ಹೋಟೆಲುಗಳಿವೆ. ಗಲ್ಲಾದ ಹಿಂದೆ ಕೂತವರ ಜೊತೆ ಕನ್ನಡದಲ್ಲೋ ತುಳುವಿನಲ್ಲೋ ಎರಡು ಮಾತಾಡದೆ ಎದ್ದು ಬರುವ ರೂಢಿ ಈ ಕಡೆಯ ಕನ್ನಡಿಗರಿಗಿಲ್ಲ.

ಥಾಣೆ ನಮಗೆ ಹೊಸ ಪರಿಚಯವೂ ಅಲ್ಲ. ಶಾಸನಗಳ ‘ಸ್ಥಾನಕ’ ಇದೇ. ಉತ್ತರ ಕೊಂಕಣದ ಶಿಲಾಹಾರರು ಇಲ್ಲಿಂದ ಆಳಿದರು. ಅವರು ಮೊದಲಿಗೆ ಮಾನ್ಯಖೇಟದ, ಅಂದರೆ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡದ ರಾಷ್ಟ್ರಕೂಟರ ಸಾಮಂತರು. ಥಾಣೆಯ ಬೆನ್ನಿಗಿರುವ ಕಾಡಿನ ಆಚೆ ಮಗ್ಗುಲಲ್ಲಿ ಕಾನ್ಹೇರಿ ಗುಹೆಗಳಿವೆ. ಅಲ್ಲಿನ 9ನೇ ಶತಮಾನದ ಶಾಸನಗಳು ಅಮೋಘವರ್ಷನ ಆಳ್ವಿಕೆಯನ್ನು, ಅವನ ಕೈಕೆಳಗಿನ ಶಿಲಾಹಾರ ಕಪರ್ದಿಯನ್ನು ಹೆಸರಿಸುತ್ತವೆ. ‘ಕವಿರಾಜಮಾರ್ಗ’ ಹುಟ್ಟಿದ್ದು ಇದೇ ಅಮೋಘವರ್ಷನ ಆಸ್ಥಾನದಲ್ಲಿ. ಮಳಖೇಡದ ಆಜ್ಞೆ ಘಟ್ಟ ಇಳಿದು ಈ ಖಾಡಿಯ ದಂಡೆಗೆ ತಲುಪಬೇಕಾದರೆ ಕುದುರೆಯ ಮೇಲಿನ ದೂತನೂ ಇವತ್ತಿನ ಲಾರಿಯ ಹಾಗೆ ಘಟ್ಟದ ಕಣಿವೆಯೊಂದನ್ನು ಹುಡುಕಿಕೊಂಡೇ ಬರಬೇಕಿತ್ತು.

ಕಲ್ಯಾಣ್: ಸೇತುವೆಗಳ ಊರು

ಥಾಣೆಯಿಂದ ಡೊಂಬಿವಲಿಗೆ ಮರಳಲು ಈಗ ಹೊಸ ದಾರಿಯೊಂದಿದೆ. ಉಲ್ಹಾಸ್ ನದಿಯ ಮೇಲೆ ಮಾಣ್ಕೋಲಿ–ಮೋಠಾಗಾಂವ್ ಸೇತುವೆ 2024ರಲ್ಲಿ ಹಗುರ ವಾಹನಗಳಿಗೆ ತೆರೆಯಿತು. ಮೊದಲು ಕಲ್ಯಾಣ್ ಸುತ್ತಿಯೋ ಶೀಳ್ ಫಾಟಾ ಸುತ್ತಿಯೋ ಬರುತ್ತಿದ್ದವರು ಈಗ ನೇರ ನದಿ ದಾಟುತ್ತಾರೆ. ಒಂದೇ ಒಂದು ಸೇತುವೆ ಒಂದು ಊರಿನ ದಿನಚರಿಯನ್ನು ಎಷ್ಟು ಬದಲಿಸಬಲ್ಲದು ಎಂಬುದನ್ನು ನಮ್ಮ ಓಣಿಯಲ್ಲೇ ಕಂಡಿದ್ದೇನೆ. ಥಾಣೆಯ ಆಸ್ಪತ್ರೆಗೆ ಹೋಗುವ ನೆರೆಮನೆಯ ಅಜ್ಜಿಗೆ ಈಗ ಬೆಳಗಿನ ಚಹಾ ಬಿಟ್ಟು ಹೊರಡುವ ಗಡಿಬಿಡಿಯಿಲ್ಲ.

ನಾವು ಮಾತ್ರ ಹೊತ್ತಿದ್ದಾಗ ಹಳೆಯ ದಾರಿಯಲ್ಲೇ ಹೋಗುತ್ತೇವೆ. ಭಿವಂಡಿಯ ಕಡೆಯಿಂದ ಕೋನ್ ಗ್ರಾಮ ಹಾದು ದುರ್ಗಾಡಿ ಸೇತುವೆಯ ಮೇಲೆ ಕಲ್ಯಾಣ್ ಹೊಕ್ಕರೆ ಎದುರಿಗೇ ಗುಡ್ಡದ ಮೇಲೆ ದುರ್ಗಾಡಿ ಕೋಟೆ. ಕಲ್ಯಾಣ್, ಭಿವಂಡಿಗಳು ಆಗ ಬಿಜಾಪುರದ ಆದಿಲ್‌ಶಾಹಿಗೆ ಸೇರಿದ್ದವು. 1657ರಲ್ಲಿ ಶಿವಾಜಿ ಇವನ್ನು ಗೆದ್ದುಕೊಂಡು ಇಲ್ಲಿ ಕೋಟೆ ಬಲಪಡಿಸಿದರು, ಹಡಗು ಕಟ್ಟಿಸಲು ತೊಡಗಿದರು. ಮರಾಠಾ ನೌಕಾಬಲದ ಮೊದಲ ಹೆಜ್ಜೆ ಈ ಖಾಡಿಯಲ್ಲೇ. ಬಿಜಾಪುರದ ಸುಲ್ತಾನರಿಗೂ ಶಿವಾಜಿಗೂ ಈ ಊರು ಯಾಕೆ ಬೇಕಿತ್ತು ಎಂದು ಕೋಟೆಯ ಮೇಲೆ ನಿಂತರೆ ಅರ್ಥವಾಗುತ್ತದೆ. ಕೆಳಗೆ ನದಿ, ನದಿಗೆ ದೋಣಿ ತೇಲುವಷ್ಟು ಆಳ, ಹಿಂದೆ ಘಟ್ಟಕ್ಕೆ ಹೋಗುವ ದಾರಿ. ಇದನ್ನು ಹಿಡಿದವನ ಕೈಯಲ್ಲಿ ವ್ಯಾಪಾರದ ಬೀಗದ ಕೈ.

ಬ್ರಿಟಿಷರೂ ಹಾಗೇ ಕಂಡುಕೊಂಡರು. 1853ರ ಏಪ್ರಿಲ್ 16ರಂದು ದೇಶದ ಮೊದಲ ಪ್ರಯಾಣಿಕರ ರೈಲು ಬೋರಿಬಂದರಿನಿಂದ ಥಾಣೆಗೆ ಬಂತು. ಮರುವರ್ಷ ಹಳಿ ಖಾಡಿ ದಾಟಿ ಕಲ್ಯಾಣ್ ಮುಟ್ಟಿತು. ಅಲ್ಲಿಂದ ಎರಡು ಕವಲು. ಒಂದು ಥಳ ಘಟ್ಟ ಹತ್ತಿ ನಾಸಿಕ್ ಕಡೆಗೆ, ಇನ್ನೊಂದು ಭೋರ ಘಟ್ಟ ಹತ್ತಿ ಪುಣೆ, ಸೋಲಾಪುರ, ಕಲಬುರಗಿ, ರಾಯಚೂರಿನ ಕಡೆಗೆ. ರೈಲು ಬಂದ ಮೇಲೆ ರಸ್ತೆಗೂ ರೈಲಿಗೂ ಜಗಳ ಶುರುವಾಯಿತು. ಹಳಿಗಳ ಮೇಲೆ 1914ರಲ್ಲಿ ಕಟ್ಟಿದ ‘ಪತ್ರಿ ಪೂಲ್’ ಕಲ್ಯಾಣಿನವರ ಬಾಯಲ್ಲಿ ಜಾಮಿನ ಇನ್ನೊಂದು ಹೆಸರೇ ಆಗಿತ್ತು. 2018ರಲ್ಲಿ ಅದನ್ನು ಕೆಡವಿದರು, 2021ರ ಜನವರಿಯಲ್ಲಿ ಹೊಸದು ತೆರೆಯಿತು. ನಡುವಿನ ಎರಡು ವರ್ಷ ಊರು ಎಷ್ಟು ಸುತ್ತಿತು, ಎಷ್ಟು ಕಾಯಿತು ಎಂಬುದು ನಮಗೆಲ್ಲ ನೆನಪಿದೆ. ಆ ದಿನಗಳಲ್ಲಿ ಕಲ್ಯಾಣ್ ಪೇಟೆಯಲ್ಲಿ ಇಳಿದುಕೊಂಡು ‘ಖಿಡ್ಕಿ ವಡಾ’ ತಿನ್ನುವುದೇ ಸಮಾಧಾನ. ಮನೆಯ ಕಿಟಕಿಯಿಂದ ಮಾರುತ್ತಾ ಹೆಸರು ಮಾಡಿದ ಆಲೂಗಡ್ಡೆ ವಡೆ ಅದು; ಜೊತೆಗೆ ಕರಿದ ಹಸಿಮೆಣಸಿನಕಾಯಿ, ಒಣ ಬೆಳ್ಳುಳ್ಳಿ ಚಟ್ನಿ.

ಕಲ್ಯಾಣಿನಿಂದ ಸ್ವಲ್ಪ ದಕ್ಷಿಣಕ್ಕೆ ಸರಿದರೆ ಅಂಬರನಾಥ. ಕಾರ್ಖಾನೆಗಳ ಮಧ್ಯೆ, ವಾಲಧುನಿ ಹೊಳೆಯ ದಂಡೆಯ ಮೇಲೆ, ಕಪ್ಪು ಕಲ್ಲಿನ ಶಿವಾಲಯ. ಕ್ರಿ.ಶ. 1060ಕ್ಕೆ ಸರಿಹೊಂದುವ ಶಕ 982ರ ಶಾಸನ ಅಲ್ಲಿದೆ. ಶಿಲಾಹಾರ ಮುಮ್ಮುಣಿಯ ಕಾಲದ್ದು. ಮೆಟ್ಟಿಲಿಳಿದು ಗರ್ಭಗುಡಿಗೆ ಹೋಗಬೇಕು. ಗೋಡೆಯ ಮೈತುಂಬ ಕೆತ್ತನೆ. ಹೆದ್ದಾರಿಯ ಹಣ ಗುಡಿಯಾಗಿ ನಿಂತ ಉದಾಹರಣೆಗಳಲ್ಲಿ ಇದೂ ಒಂದು ಎಂದು ನಾನು ನಂಬಿದ್ದೇನೆ. ಬಂದರು, ಘಟ್ಟದ ದಾರಿ, ಸುಂಕ ಮೂರೂ ಕೈಯಲ್ಲಿದ್ದ ಅರಸರಿಗೇ ಇಂಥ ಗುಡಿ ಕಟ್ಟಿಸುವ ಶಕ್ತಿ ಬರುವುದು.

ನಾಣೇಘಾಟ್: ಸುಂಕದ ಗಡಿಗೆ

ಈ ಬಾಗಿಲಿನ ಹಳೆಯ ಚೌಕಟ್ಟು ನೋಡಬೇಕೆಂದರೆ ಕಲ್ಯಾಣಿನಿಂದ ಮುರ್ಬಾಡ್ ರಸ್ತೆ ಹಿಡಿಯಬೇಕು. ಮಾಳಶೇಜ್ ಘಟ್ಟ ಹತ್ತಿ ಅಹಿಲ್ಯಾನಗರ, ನಾಂದೇಡ್ ಮೇಲೆ ತೆಲಂಗಾಣದ ನಿರ್ಮಲ್‌ಗೆ ಹೋಗುವ ಹೆದ್ದಾರಿ ಇದು. ಮುರ್ಬಾಡ್ ದಾಟಿದ ಮೇಲೆ ಗದ್ದೆಗಳು ತೆರೆದುಕೊಳ್ಳುತ್ತವೆ, ಎದುರಿಗೆ ಸಹ್ಯಾದ್ರಿಯ ಗೋಡೆ ಏಳುತ್ತದೆ. ಬೇಸಿಗೆಯ ಕೊನೆಯಲ್ಲಿ ಠಾಕೂರ್, ಕಾತ್ಕರಿ ಸಮುದಾಯದ ಹೆಂಗಸರು ರಸ್ತೆಯಂಚಿನಲ್ಲಿ ಎಲೆಯ ದೊನ್ನೆಗಳಲ್ಲಿ ಕವಳಿ ಹಣ್ಣು, ನೇರಳೆ, ತಾಟಿನಿಂಗು ಇಟ್ಟುಕೊಂಡು ಕೂತಿರುತ್ತಾರೆ. ಅವರ ಹತ್ತಿರ ಕೊಳ್ಳಿ, ಚೌಕಾಸಿ ಮಾಡಬೇಡಿ. ಕಾಡಿನಲ್ಲಿ ಬೆಳಗಿನ ಜಾವದಿಂದ ಅಲೆದು ಆರಿಸಿದ ಹಣ್ಣು ಅದು.

ವೈಶಾಖರೆ ಎಂಬ ಹಳ್ಳಿಯ ಹತ್ತಿರ ಗಾಡಿ ಬಿಟ್ಟು ನಡೆದು ಹತ್ತಿದರೆ ನಾಣೇಘಾಟ್. ಕಲ್ಲು ಹಾಸಿದ ಮೆಟ್ಟಿಲುಗಳ ಕಡಿದಾದ ಏರು. ಮೇಲೆ, ಕಣಿವೆಯ ಬಾಯಿಯಲ್ಲಿ ಬಂಡೆ ಕೊರೆದ ಕೋಣೆ. ಅದರ ಗೋಡೆಗಳ ಮೇಲೆ ಕ್ರಿಸ್ತಪೂರ್ವ ಕಾಲದ ಬ್ರಾಹ್ಮಿ ಶಾಸನ. ಶಾತವಾಹನರ ರಾಣಿ ನಾಗನಿಕೆಯದು. ಅರಸು ಮನೆತನ ಮಾಡಿದ ಯಜ್ಞಗಳು, ಕೊಟ್ಟ ದಾನಗಳ ಪಟ್ಟಿ ಅದರಲ್ಲಿದೆ: ಎಷ್ಟು ಸಾವಿರ ಹಸು, ಎಷ್ಟು ಕುದುರೆ, ಎಷ್ಟು ನಾಣ್ಯ. ಆ ಲೆಕ್ಕ ಬರೆದ ಅಂಕಿಗಳು ಭಾರತದ ಅತಿ ಹಳೆಯ ಅಂಕಿಗಳಲ್ಲಿ ಸೇರಿವೆ. ಇಂದು ಜಗತ್ತೆಲ್ಲ ಬಳಸುವ ಅಂಕಿಗಳ ಪೂರ್ವಜರನ್ನು ಹುಡುಕುವವರು ಈ ಗುಹೆಗೂ ಬರುತ್ತಾರೆ. ಅಂಕಿಗಳು ಹುಟ್ಟಿ ಬೆಳೆದದ್ದು ವ್ಯಾಪಾರದ ಲೆಕ್ಕಕ್ಕೆ, ದಾನದ ಲೆಕ್ಕಕ್ಕೆ. ಒಂದು ಹೆದ್ದಾರಿಯ ಸುಂಕದ ಕಟ್ಟೆಯ ಬಳಿ ಅವು ಸಿಕ್ಕಿದ್ದು ನನಗೆ ತೀರಾ ಸಹಜವೆನಿಸುತ್ತದೆ.

ಗುಹೆಯ ಹಿಂಗೋಡೆಯಲ್ಲಿ ರಾಜರಾಣಿಯರ ಉಬ್ಬುಶಿಲ್ಪಗಳ ಸಾಲಿತ್ತು. ಈಗ ಉಳಿದಿರುವುದು ಅವರ ಹೆಸರು, ಪಾದದ ಗುರುತು. ಶಾತವಾಹನ ಅರಸರ ಮುಖ ನೋಡಬೇಕೆಂದರೆ ನಮ್ಮ ಕಲಬುರಗಿ ಜಿಲ್ಲೆಯ ಸನ್ನತಿಯ ಪಕ್ಕದ ಕನಗನಹಳ್ಳಿಗೆ ಹೋಗಬೇಕು. ಅಲ್ಲಿನ ಸ್ತೂಪದ ಹಲಗೆಗಳ ಮೇಲೆ ಹೆಸರು ಬರೆದ ಅರಸರ ಚಿತ್ರಗಳು ಉಳಿದಿವೆ. ಭೀಮಾ ತೀರದಿಂದ ಈ ಕಣಿವೆಯವರೆಗೆ ಒಂದೇ ರಾಜ್ಯ, ಒಂದೇ ವ್ಯಾಪಾರದ ಬಲೆ.

ಘಟ್ಟದ ತಲೆಯ ಮೇಲೆ ಒಂದು ದೊಡ್ಡ ಕಲ್ಲಿನ ಗಡಿಗೆ ಇದೆ. ಮರಾಠಿಯವರು ರಾಂಜಣ ಅನ್ನುತ್ತಾರೆ. ಕಲ್ಯಾಣ್ ಬಂದರಿನಿಂದ ಜುನ್ನರಕ್ಕೆ, ಅಲ್ಲಿಂದ ಪೈಠಣಕ್ಕೆ ಸರಕು ಹೊತ್ತು ಹೋಗುವವರು ಸುಂಕದ ನಾಣ್ಯವನ್ನು ಇದರೊಳಗೆ ಹಾಕುತ್ತಿದ್ದರೆಂದು ತಲೆಮಾರುಗಳಿಂದ ಹೇಳಿಕೊಂಡು ಬಂದಿದ್ದಾರೆ. ಎತ್ತು, ಕತ್ತೆ, ಕುದುರೆಗಳ ಸಾಲು ಈ ಕಿರಿದಾದ ಕಣಿವೆಯಲ್ಲಿ ಒಂದೊಂದಾಗಿ ಮುಂದೆ ಸರಿಯುತ್ತಿದ್ದುದನ್ನು ಊಹಿಸಿಕೊಳ್ಳಿ. ಸುಂಕ ಕಟ್ಟುವ ತನಕ ಹಿಂದಿನವರು ಕಾಯಲೇಬೇಕು.

ಇನ್ನೂ ಒಂದು ದಾಖಲೆ ಇದೆ. ಕ್ರಿ.ಶ. 1ನೇ ಶತಮಾನದಲ್ಲಿ ಗ್ರೀಕ್ ನಾವಿಕನೊಬ್ಬ ಬರೆದ ‘ಪೆರಿಪ್ಲಸ್’ ಎಂಬ ಕಡಲ ಕೈಪಿಡಿಯಲ್ಲಿ ಕಲ್ಯಾಣ್ ‘ಕಲ್ಲಿಯೆನಾ’ ಎಂದು ಬರುತ್ತದೆ. ಮೊದಲು ಇದು ಅಧಿಕೃತ ವ್ಯಾಪಾರದ ಪಟ್ಟಣವಾಗಿತ್ತು, ಅಧಿಕಾರ ಬದಲಾದ ಮೇಲೆ ಇಲ್ಲಿಗೆ ಅಡ್ಡಿಗಳು ಬಂದವು, ಅಪ್ಪಿತಪ್ಪಿ ಬಂದ ಗ್ರೀಕ್ ಹಡಗುಗಳನ್ನು ಕಾವಲಿನಲ್ಲಿ ಭರುಚ್ ಬಂದರಿಗೆ ಕರೆದೊಯ್ಯಲಾಗುತ್ತಿತ್ತು ಎಂದು ಅದು ಹೇಳುತ್ತದೆ. ಅಂದರೆ ಕಲ್ಯಾಣಿನ ಬಾಗಿಲಲ್ಲಿ ತಡೆದು ನಿಲ್ಲಿಸಿದ, ಬೇರೆ ದಾರಿಗೆ ತಿರುಗಿಸಿದ ದಾಖಲೆಗೆ ಹತ್ತಿರ ಹತ್ತಿರ ಎರಡು ಸಾವಿರ ವರ್ಷ. ಈ ಭಾಗದ ಟ್ರಾಫಿಕ್‌ನ ಮೊದಲ ವರದಿ ಎಂದು ನನ್ನ ಮಕ್ಕಳಿಗೆ ನಾನು ಇದನ್ನೇ ಪಾಠ ಮಾಡುತ್ತಿದ್ದೆ.

ಪನ್ವೇಲ್: ಎರಡು ಕವಲು, ಎರಡು ತವರು

ಶೀಳ್ ಫಾಟಾದಿಂದ ಮುಂಬ್ರಾದ ಕಡೆ ತಿರುಗದೆ ದಕ್ಷಿಣಕ್ಕೆ ಹೋದರೆ ತಳೋಜಾ, ಕಳಂಬೋಲಿ, ಪನ್ವೇಲ್. ಮುಂಬಯಿಯ ಕಡೆಯಿಂದ ವಾಶಿ ಸೇತುವೆ ದಾಟಿ ಬರುವ ಸಯನ್–ಪನ್ವೇಲ್ ಹೆದ್ದಾರಿಯೂ ಇಲ್ಲೇ ಕೂಡುತ್ತದೆ. ವಾಶಿಯಲ್ಲಿ ಖಾಡಿಯ ಮೇಲೆ ಮೊದಲ ರಸ್ತೆ ಸೇತುವೆ ಬಂದದ್ದು 1973ರಲ್ಲಿ. ನವಿ ಮುಂಬಯಿ ಬೆಳೆದದ್ದು ಅದರ ಮೇಲೆ ನಡೆದು ಬಂದು. 1997ರಲ್ಲಿ ಎರಡನೆಯದು, 2024ರಲ್ಲಿ ಮೂರನೆಯದರ ಮೊದಲ ಭಾಗ. ಅದೇ 2024ರ ಜನವರಿಯಲ್ಲಿ ಸುಮಾರು 21.8 ಕಿಲೋಮೀಟರಿನ ಅಟಲ್ ಸೇತು ಶಿವಡಿಯಿಂದ ಸಮುದ್ರದ ಮೇಲೇ ಬಂದು ಈ ದಂಡೆಗೆ ಇಳಿಯಿತು. ಅಕ್ಟೋಬರಿನಲ್ಲಿ ಮುಂಬಯಿಯ ಐದು ಹೆಬ್ಬಾಗಿಲುಗಳಲ್ಲಿ ಹಗುರ ವಾಹನಗಳ ಟೋಲ್ ರದ್ದಾಯಿತು. ವಾಶಿ, ಐರೋಲಿ, ಮುಲುಂಡಿನಲ್ಲಿ ಚಿಲ್ಲರೆಗಾಗಿ ತಡಕಾಡುತ್ತಿದ್ದ ಕಾಲ ಮುಗಿಯಿತು.

ಪನ್ವೇಲ್ ನಮ್ಮ ನಾಡಿನವರಿಗೆ ಮುಖ್ಯವಾದ ಕವಲು. ಎನ್‌ಎಚ್ 4 ಇಲ್ಲಿಂದ ಘಟ್ಟ ಹತ್ತಿ ಬೆಳಗಾವಿ, ಧಾರವಾಡದ ಕಡೆ ಹೋದರೆ, ಅದರಿಂದ ಒಡೆದ ಎನ್‌ಎಚ್ 17 ಮಹಾಡ್, ಗೋವಾ, ಕಾರವಾರ, ಉಡುಪಿ, ಮಂಗಳೂರಿನ ಕಡೆ ಇಳಿಯುತ್ತಿತ್ತು. 2010ರಲ್ಲಿ ಸಂಖ್ಯೆಗಳನ್ನು ಬದಲಿಸಿ ಮೊದಲನೆಯದಕ್ಕೆ 48, ಎರಡನೆಯದಕ್ಕೆ 66 ಎಂದರು. ಡೊಂಬಿವಲಿ ಕರ್ನಾಟಕ ಸಂಘದ ಸಮಾರಂಭಕ್ಕೆ ಹೋದರೆ ಈ ಎರಡು ರಸ್ತೆಯ ಮಕ್ಕಳೂ ಒಂದೇ ಸಾಲಿನ ಕುರ್ಚಿಗಳಲ್ಲಿ ಕೂತಿರುತ್ತಾರೆ: ಈ ಕಡೆ ಹುಬ್ಬಳ್ಳಿ, ಗದಗ, ಬಾಗಲಕೋಟೆಯವರು, ಆ ಕಡೆ ಕಾರ್ಕಳ, ಕುಂದಾಪುರ, ಕಾಸರಗೋಡಿನವರು. ಸಂಜೆಯಾದರೆ ಡೊಂಬಿವಲಿ, ಥಾಣೆ, ವಾಶಿಯ ನಾಕಾಗಳಲ್ಲಿ ಊರಿನ ಸ್ಲೀಪರ್ ಬಸ್ಸಿಗೆ ಕಾಯುವವರೂ ಅವರೇ. ಕೈಚೀಲ, ರಟ್ಟಿನ ಪೆಟ್ಟಿಗೆ, ನಿದ್ದೆಗಣ್ಣಿನ ಮಕ್ಕಳು. 1998ರಲ್ಲಿ ಕೊಂಕಣ ರೈಲು ಪೂರ್ತಿ ತೆರೆಯುವ ತನಕ ಕರಾವಳಿಯವರಿಗೆ ರಾತ್ರಿಯಿಡೀ, ಹಗಲಿಡೀ ಬಸ್ಸೇ ಗತಿಯಾಗಿತ್ತು.

ಘಟ್ಟದ ರಸ್ತೆಗೆ ತನ್ನದೇ ಕಥೆಯಿದೆ. ಭೋರ ಘಟ್ಟದಲ್ಲಿ ಗಾಡಿ ಹೋಗುವ ರಸ್ತೆ 1830ರಲ್ಲಿ ತೆರೆಯಿತು. ಆ ದಾರಿಯನ್ನು ಇಂಗ್ಲಿಷರಿಗೆ ತೋರಿಸಿದವನು ಶಿಂಗ್ರೋಬಾ ಎಂಬ ಧನಗರ ಕುರಿಗಾಹಿ ಎಂದು ಜನ ಹೇಳುತ್ತಾರೆ. ಬಹುಮಾನ ಏನು ಬೇಕೆಂದು ಕೇಳಿದ್ದಕ್ಕೆ ‘ನಮಗೆ ಸ್ವಾತಂತ್ರ್ಯ ಕೊಡಿ’ ಅಂದನಂತೆ, ಅದಕ್ಕೆ ಗುಂಡಿಟ್ಟು ಕೊಂದರಂತೆ. ಹಳೆಯ ರಸ್ತೆಯ ತಿರುವಿನಲ್ಲಿ ಅವನ ಗುಡಿ ಇದೆ. ಚಾಲಕರು ಕಾಸು ಹಾಕಿ, ಕೈಮುಗಿದು ಮುಂದೆ ಹೋಗುತ್ತಾರೆ. ರಸ್ತೆ ಕಟ್ಟಿಸಿದ ಗವರ್ನರುಗಳ ಹೆಸರು ಪುಸ್ತಕದಲ್ಲಿದೆ. ದಾರಿ ತೋರಿದ ಕುರುಬನ ಹೆಸರನ್ನು ದಾರಿಹೋಕರೇ ಉಳಿಸಿಕೊಂಡಿದ್ದಾರೆ. ಕಳಂಬೋಲಿಯಿಂದ ಹೊರಡುವ 94.5 ಕಿಲೋಮೀಟರಿನ ಎಕ್ಸ್‌ಪ್ರೆಸ್‌ವೇ 2002ರಿಂದ ಪೂರ್ತಿಯಾಗಿ ಓಡುತ್ತಿದೆ. ಅದರ ಮೇಲೆ ಅಡ್ಡಲಾಗಿ ನಿಂತಿದ್ದ, 1830ರ ಕಾಲದ ಅಮೃತಾಂಜನ್ ಸೇತುವೆಯನ್ನು 2020ರ ಏಪ್ರಿಲ್‌ನಲ್ಲಿ, ಲಾಕ್‌ಡೌನಿನ ಖಾಲಿ ರಸ್ತೆಯಲ್ಲಿ ಕೆಡವಿದರು. ಅದರ ಕಂಬಗಳು ದಾರಿಯನ್ನು ಕಿರಿದಾಗಿಸುತ್ತಿದ್ದವು ಎಂಬುದು ನಿಜ. ಒಂದು ಕಮಾನನ್ನಾದರೂ ರಸ್ತೆಯ ಬದಿಗೆ ಉಳಿಸಿಕೊಂಡಿದ್ದರೆ ಮಕ್ಕಳಿಗೆ ತೋರಿಸಲು ಸಿಗುತ್ತಿತ್ತು ಎಂಬ ನೋವು ನನಗಿದೆ.

ಕರಾವಳಿಯ ರಸ್ತೆಯ ನೋವು ಇನ್ನೂ ದೊಡ್ಡದು. 2016ರ ಆಗಸ್ಟ್ 2ರ ಮಳೆಯ ರಾತ್ರಿ ಮಹಾಡಿನ ಬಳಿ ಸಾವಿತ್ರಿ ನದಿಯ ಬ್ರಿಟಿಷರ ಕಾಲದ ಸೇತುವೆ ಕುಸಿದು ಎರಡು ಬಸ್ಸುಗಳು ಕೊಚ್ಚಿಹೋದವು. ಹೊಸ ಸೇತುವೆ ಮರುವರ್ಷವೇ, 165 ದಿನಗಳಲ್ಲಿ ಎದ್ದು ನಿಂತಿತು. ಮನಸ್ಸು ಮಾಡಿದರೆ ಎಷ್ಟು ಬೇಗ ಆಗುತ್ತದೆ ಎಂಬುದಕ್ಕೆ ಅದು ಸಾಕ್ಷಿ. ಅದೇ ಹೆದ್ದಾರಿಯ ಅಗಲೀಕರಣ ಒಂದು ದಶಕ ದಾಟಿಯೂ ಎಳೆದದ್ದು ಇನ್ನೊಂದು ಸಾಕ್ಷಿ. ಗಣೇಶ ಚೌತಿಯ ಹಿಂದಿನ ದಿನಗಳಲ್ಲಿ ಪನ್ವೇಲಿನ ಪಳಸ್ಪೆ ಫಾಟಾದಲ್ಲಿ ನಿಂತು ನೋಡಿ. ಕೊಂಕಣದ ಅಷ್ಟೂ ಮನೆಗಳು ಒಂದೇ ರಸ್ತೆಯಲ್ಲಿ ಊರಿಗೆ ಹೊರಟಿರುತ್ತವೆ. ಅಲ್ಲಿನ ದತ್ತ ಸ್ನ್ಯಾಕ್ಸ್‌ನಲ್ಲಿ ಕೊತ್ತಂಬರಿ ವಡಿ, ಬಟಾಟೆ ವಡೆ ಕೊಂಡುಕೊಳ್ಳದೆ ಮುಂದೆ ಹೋಗುವವರು ವಿರಳ.

ಹೊರಡುವವರಿಗೆ ಎರಡು ಮಾತು

ಈ ದಾರಿಗಳನ್ನು ನೋಡಬೇಕೆನ್ನುವವರು ಭಾನುವಾರ ನಸುಕಿನಲ್ಲಿ ಹೊರಡಿ. ಒಂದು ದಿನ ಥಾಣೆ, ದುರ್ಗಾಡಿ, ಅಂಬರನಾಥ ಇಟ್ಟುಕೊಳ್ಳಿ. ಇನ್ನೊಂದು ದಿನ ಮುರ್ಬಾಡ್, ನಾಣೇಘಾಟ್. ನಾಣೇಘಾಟಿನ ಮೆಟ್ಟಿಲು ಮಳೆಯಲ್ಲಿ ಜಾರುತ್ತವೆ, ಮಾಳಶೇಜಿನಲ್ಲಿ ಕಲ್ಲು ಉರುಳುತ್ತದೆ; ನವೆಂಬರಿನಿಂದ ಫೆಬ್ರವರಿ ಒಳ್ಳೆಯ ಕಾಲ. ಮುಂಬ್ರಾ ಬೈಪಾಸಿನಲ್ಲಿ ಜಲಧಾರೆ ನೋಡಲು ಗಾಡಿ ನಿಲ್ಲಿಸಬೇಡಿ, ಹಿಂದೆ ಟ್ರೇಲರ್ ಇರುತ್ತದೆ. ನೀರು, ಬುತ್ತಿ ಜೊತೆಗಿರಲಿ. ಜಾಮಿನಲ್ಲಿ ಸಿಕ್ಕ ಲಾರಿಯವರಿಗೆ ಒಂದು ಬಾಟಲಿ ಹೆಚ್ಚಿಗೆ ಇರಲಿ.

ಜೊತೆಗೆ ಇರುವ ಮಕ್ಕಳಿಗೆ ರಸ್ತೆಯ ಹೆಸರು ಹೇಳಿ. ಶೀಳ್ ಫಾಟಾದಲ್ಲಿ ನಿಂತ ಗಳಿಗೆಯಲ್ಲಿ ಮುಂದಿರುವ ನದಿ, ಗುಡ್ಡ, ಖಾಡಿಯನ್ನು ತೋರಿಸಿ, ಇಲ್ಲಿ ಯಾಕೆ ನಿಂತಿದ್ದೇವೆ ಎಂದು ವಿವರಿಸಿ. ಎಕರೆಗಟ್ಟಲೆ ಜಾಹೀರಾತು ಫಲಕಗಳಿರುವ ಈ ಹೆದ್ದಾರಿಗಳಲ್ಲಿ ‘ಇಲ್ಲಿಂದ ಎನ್‌ಎಚ್ 4 ಹೊರಟು ಬೆಳಗಾವಿ, ಹುಬ್ಬಳ್ಳಿ, ಬೆಂಗಳೂರಿಗೆ ಹೋಗುತ್ತಿತ್ತು’ ಎಂಬ ಒಂದು ಕಲ್ಲು ನನ್ನ ಕಣ್ಣಿಗೆ ಬಿದ್ದಿಲ್ಲ. ಥಾಣೆ, ಡೊಂಬಿವಲಿ, ಕಲ್ಯಾಣ್, ನವಿ ಮುಂಬಯಿಗಳಲ್ಲಿ ಕನ್ನಡ ಸಂಘಗಳಿವೆ, ಶಾಲೆ ನಡೆಸುವ ಸಂಸ್ಥೆಗಳಿವೆ. ಅವು ಮರಾಠಿ ಗೆಳೆಯರ ಜೊತೆ ಕೂಡಿ ಹೆದ್ದಾರಿಯ ಅಧಿಕಾರಿಗಳಿಗೆ ಒಂದು ಅರ್ಜಿ ಕೊಡಲಿ. ಮರಾಠಿಯಲ್ಲೂ ಕನ್ನಡದಲ್ಲೂ ಬರೆದ ಒಂದು ಮೈಲಿಗಲ್ಲು ಥಾಣೆಯ ಹತ್ತಿರ ನಿಲ್ಲಲಿ. ಈ ರಸ್ತೆ ಎರಡು ನಾಡುಗಳ ಮೆಣಸಿನಕಾಯಿ, ಜೋಳ, ಅಕ್ಕಿ, ಮಲ್ಲಿಗೆ, ಮದುವೆಯ ಹೆಣ್ಣುಗಳು, ದುಡಿಯುವ ಕೈಗಳು ಎಲ್ಲವನ್ನೂ ಹೊತ್ತು ಬಂದಿದೆ. ಆ ಋಣಕ್ಕೆ ಒಂದು ಕಲ್ಲು ನೆಡಿಸುವುದು ನಮ್ಮ ತಲೆಮಾರಿನ ಕೈಯಲ್ಲಿದೆ. ಅರ್ಜಿಗೆ ಮೊದಲ ಸಹಿ ಹಾಕಲು ನಾನು ಸಿದ್ಧಳಿದ್ದೇನೆ.